ಈಜು ಮರೆಯಲು ಹೊಳೆಗಿಳಿದವನು

ಒಂದು ಹೊಳೆ ಅಂದುಕೊಳ್ಳಿ ಮಕ್ಕಳೇ, ಅದರ ದಂಡೆಗೊಂದು ಆಶ್ರಮ. ಹೆಸರಿಗೆ ಆಶ್ರಮ, ಒಳಗೆ ನೋಡಿದರೆ ಬರೀ ಹುಡುಗರ ಗಲಾಟೆ.

ಅಲ್ಲಿಯ ಗುರು ನಿರ್ವಾಣಯ್ಯ. ಅವರ ಹತ್ತಿರ ಬೆತ್ತ ಇತ್ತು, ಅದರಲ್ಲಿ ಸೀಬೆಹಣ್ಣು ಮಾತ್ರ ಉದುರಿಸುತ್ತಿದ್ದರು. ಕಸ ಗುಡಿಸುವ ಸರದಿ ಬಂದರೆ ಗುರುವೂ ಗುಡಿಸಬೇಕು. ಹುಡುಗರು "ಯಾಕೆ?" ಅಂದರೆ ಉತ್ತರ ಹೇಳಬೇಕು.

ಜಗಳಕ್ಕೆ ಮಾತ್ರ ಒಂದು ಕಟ್ಟಳೆ. ಕಿತ್ತಾಡಿದವನು ಮೊದಲು ಎದುರಿಗಿರುವವನ ಪರವಾಗಿ ಮಾತಾಡಬೇಕು. ಅವನು "ಹೂಂ, ನನ್ನ ಮನಸ್ಸಲ್ಲಿರೋದು ಅದೇ" ಅಂದ ಮೇಲೇ ತನ್ನ ದೂರು. ಅಷ್ಟರೊಳಗೆ ಅರ್ಧ ಜಗಳ ಮರೆತುಹೋಗಿರುತ್ತಿತ್ತು, ಇನ್ನರ್ಧಕ್ಕೆ ಊಟದ ಹೊತ್ತಾಗಿರುತ್ತಿತ್ತು.

ಹಾಲಪ್ಪ ಆರು ವರ್ಷದವನಿದ್ದಾಗ ಅಲ್ಲಿಗೆ ಬಂದು, ಮೀಸೆ ಚಿಗುರುವ ತನಕ ಅಲ್ಲೇ ಬೆಳೆದ. ಆಗ ಹೊಳೆಯಾಚೆಯ ರಾಜನ ಜೊತೆ ಯುದ್ಧ ಬಂತು. ಮನೆಗೊಬ್ಬ ಗಂಡಾಳು ಬೇಕೆಂದು ಡಂಗುರ ಸಾರಿದರು. ಹಾಲಪ್ಪ ದಂಡು ಸೇರಿದ.

ತಿಂಗಳಾಯಿತು. ನಾಳೆ ದಂಡು ಹೊರಡಬೇಕು ಅನ್ನುವಾಗ ಆಶ್ರಮಕ್ಕೆ ಓಡಿ ಬಂದ. ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು.

"ಗುರುಗಳೇ, ನನ್ನನ್ನ ಕೆಡಿಸಿಬಿಟ್ರಿ ನೀವು."

"ಕೂತ್ಕೊಂಡು ಬೈಯಪ್ಪ. ಬೈತಾ ಬೈತಾ ನಾಕು ಕಾಯಿ ಬಿಡಿಸು."

"ಹುಲ್ಲಿನ ಗೊಂಬೆ ನಿಲ್ಲಿಸಿ, ಇವನೇ ವೈರಿ, ತಿವಿ ಅಂದ್ರು. ಈಟಿ ಎತ್ತಿದೆ. ನನ್ನ ಬಾಯಿ ತಾನಾಗೇ ಗೊಂಬೆ ಪರವಾಗಿ ಮಾತಾಡ್ತು."

"ಏನಂತ?"

"'ನಾನೂ ಯಾರದೋ ಕಣದಲ್ಲಿ ಸುಖವಾಗಿದ್ದೆ, ಎಳ್ಕೊಂಡು ಬಂದು ಇಲ್ಲಿ ನಿಲ್ಲಿಸಿದ್ರು' ಅಂತ."

ಗುರುಗಳು ನಕ್ಕರು ನೋಡಿ, ಮೊರ ಬುಡಮೇಲು! ಕಾಳೆಲ್ಲ ನೆಲಕ್ಕೆ.

"ನಗಬೇಡಿ! ದಂಡೆಲ್ಲ ನಕ್ಕಿದ್ದು ಸಾಲದಾ? 'ಬೆತ್ತ ಕಾಣದ ಕೂಸು' ಅಂತ ಹೆಸರಿಟ್ಟಿದ್ದಾರೆ. ನಾಳೆ ಎದುರಿಗೆ ಬರೋನು ಹುಲ್ಲಿನವನಲ್ಲ. ನಾನು ಅವನ ಪರ ಮಾತಾಡೋದ್ರೊಳಗೆ ನನ್ನ ತಲೆ ಹೋಗಿರುತ್ತೆ. ಅವ್ವನಿಗೆ ನಾನೊಬ್ಬನೇ. ಕಲಿಸಿದ್ದನ್ನೆಲ್ಲ ವಾಪಸ್ ತಗೊಂಡುಬಿಡಿ."

ಗುರುಗಳು ಕಾಳು ಆರಿಸಿ ಮೊರಕ್ಕೆ ಹಾಕಿದರು. ಎದ್ದರು.

"ಆಯ್ತು, ತಗೋತೀನಿ. ಮೊದಲು ಕಲಿಸಿದ್ದು ಯಾವುದು?"

"ಈಜು."

"ಅಲ್ಲಿಂದಲೇ ಶುರು ಮಾಡೋಣ. ಹೊಳೆ ನಡುವಿಗೆ ಹೋಗಿ, ಈಜು ಮರೆತು ಬಾ."

ಹಾಲಪ್ಪ ಹೋದ. ನಡುನೀರಲ್ಲಿ ಕೈಕಾಲು ಸಡಿಲ ಬಿಟ್ಟ. ಮುಳುಗಿದ. ಎದ್ದ. ಮತ್ತೆ ಮುಳುಗಿದ, ಮತ್ತೆ ಎದ್ದ. ದಂಡೆಯ ಮೇಲೆ ಹುಡುಗರು ಸೇರಿ ಲೆಕ್ಕ ಕೂಗತೊಡಗಿದರು. ಏಳನೇ ಸಲ ಮೂಗಿಗೆ ನೀರು ಹೋಗಿ, ಸೀನುತ್ತಾ, ತಾನೂ ನಗುತ್ತಾ ದಡಕ್ಕೆ ಬಂದ.

"ಆಗಲ್ಲ ಗುರುಗಳೇ. ನಾನು ಮರೀತೀನಿ, ಕಾಲು ಮರೆಯಲ್ಲ."

"ಹಂಗಾದ್ರೆ ವಾಪಸ್ ತಗೊಳ್ಳೋದು ನನ್ನ ಕೈಲೂ ಆಗಲ್ಲ."

ಗುರುಗಳು ಹೆಗಲ ವಸ್ತ್ರ ತೆಗೆದು ಅವನ ತಲೆ ಒರೆಸಿದರು. ಚಿಕ್ಕವನಿದ್ದಾಗ ಒರೆಸಿದ ಹಾಗೇ, ಕಿವಿ ಕೆಂಪಾಗುವ ತನಕ.

ವಸ್ತ್ರದೊಳಗಿಂದ ಹಾಲಪ್ಪ ಕೇಳಿದ, "ನಾಳೆ ಯುದ್ಧದ ಬಯಲಲ್ಲಿ ಹಿಂಗೆ ಎದುರಿನವನ ಪರ ಮಾತಾಡೋನು ನಾನೊಬ್ಬನೇ ಅಲ್ವಾ ಗುರುಗಳೇ?"

ಗುರುಗಳು ವಸ್ತ್ರ ಹಿಂಡುತ್ತಾ ಹೊಳೆಯಾಚೆ ನೋಡಿದರು.

"ಆಚೆ ದಡದ ಮಕ್ಕಳಿಗೂ ಯಾರೋ ಈಜು ಕಲಿಸಿರ್ತಾರೆ ಕಣಪ್ಪ."