ಬಂದೂಕಿನ ಪರೀಕ್ಷಕ

“ಬುದ್ಧಿ, ಮಠಕ್ಕೆ ಬಂದ ಮೇಲೆ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಸಿಟ್ಟನ್ನು ಗೆದ್ದೆ ಎಂದುಕೊಳ್ಳಬಹುದೇ?” ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ. ಬೇರೊಂದು ಊರಿನ ಮಠ ನಡೆಸಲು ಅವನನ್ನು ಕಳುಹಿಸುವ ಮಾತು ನಡೆದಿತ್ತು.

ಗುರುಗಳು ಹೇಳಿದರು:

ಒಂದು ಬಂದೂಕಿನ ಕಾರ್ಖಾನೆಯಲ್ಲಿ ಒಬ್ಬ ಪರೀಕ್ಷಕನಿದ್ದ. ಅಲ್ಲಿಯ ಬಂದೂಕಿಗೆ ಕೆಳಗೊಂದು ಲಿವರ್. ಒಂದು ಗುಂಡು ಹಾರಿದ ಮೇಲೆ ಅದನ್ನು ಕೆಳಗೆಳೆದು ಮೇಲಕ್ಕೆ ತಂದರೆ ಮುಂದಿನ ಗುಂಡು ಒಳಗೆ ಕೂರುತ್ತದೆ. ಪರೀಕ್ಷಕ ಪ್ರತಿ ಬಂದೂಕನ್ನೂ ಕಣ್ಣಿಗೊತ್ತಿಕೊಂಡು, ಎಣ್ಣೆ ಬಿಟ್ಟು, ಮದ್ದಿಲ್ಲದ ಗುಂಡು ತುಂಬಿ, ಲಿವರನ್ನು ಮೆತ್ತಗೆ ಎಳೆದು ನೋಡುತ್ತಿದ್ದ. ಅವನ ಕೈಯಲ್ಲಿ ಎಲ್ಲವೂ ಪಾಸು. ಕಾಟಾಚಾರಕ್ಕೆ ಕೆಲಸ ಮಾಡಿದವನಲ್ಲ ಅವನು. ಅವನನ್ನು ಬೈಯುವುದು ಸುಲಭ, ನನಗೆ ಮನಸ್ಸು ಬರುವುದಿಲ್ಲ.

ಒಂದು ದಿನ ಒಬ್ಬ ಕಾಡಿನ ಕಾವಲುಗಾರ ಬಂದೂಕು ಹಿಡಿದು ಬಂದ. ಆನೆ ನುಗ್ಗಿ ಬಂದಾಗ ಹೆದರಿಸಲೆಂದು ಅವನು ಗಾಳಿಯಲ್ಲಿ ಗುಂಡು ಹಾರಿಸಿದ್ದ. ಒಂದು ಗುಂಡಿಗೆ ಆನೆ ಜಗ್ಗಲಿಲ್ಲ. ಎರಡನೆಯದಕ್ಕೆ ಲಿವರ್ ಎಳೆದರೆ ಅದು ನಡುವೆಯೇ ಸಿಕ್ಕಿಕೊಂಡಿತು. ಆನೆ ಜೊತೆಗಾರನ ಕಾಲು ತುಳಿಯಿತು. ಇನ್ನು ಅವನು ನಡೆಯಲಾರ.

ಪರೀಕ್ಷಕ ಆ ಬಂದೂಕನ್ನು ಇಸಿದುಕೊಂಡು ಲಿವರ್ ಎಳೆದ. ಸಲೀಸಾಗಿ ಬಂತು.

“ನೋಡಪ್ಪ, ಬಂದೂಕು ಸರಿಯಾಗಿಯೇ ಇದೆ. ನಿನ್ನ ಕೈ ನಡುಗಿದೆ,” ಎಂದ.

“ನಡುಗ್ತು ಸ್ವಾಮಿ. ಆನೆ ಮೈಮೇಲೆ ಬಂದಾಗ ನಡುಗದಿರೋ ಕೈ ಎಲ್ಲಿಂದ ತರ್ಲಿ?” ಎಂದ ಕಾವಲುಗಾರ.

ಪರೀಕ್ಷಕ ಬಂದೂಕನ್ನು ಕೆಳಗಿಟ್ಟ. ಅವನು ಅಂಗಳಕ್ಕಿಳಿದು ಏದುಸಿರು ಬರುವವರೆಗೆ ಓಡಿದ. ಹಾಗೆಯೇ ಒಳಗೆ ಬಂದು, ಬೆವರಿದ ಕೈಯಲ್ಲೇ, ತಾನು ಪಾಸು ಮಾಡಿಟ್ಟಿದ್ದ ಬಂದೂಕುಗಳ ಲಿವರನ್ನು ಒಂದೊಂದಾಗಿ ಜಗ್ಗಿದ. ಹಲವು ಸಿಕ್ಕಿಕೊಂಡವು. ಕಾಡಿಗೆ ಆಗಲೇ ಹೋಗಿದ್ದವೆಷ್ಟೋ. ಪಾಪ, ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟ. ಮರುದಿನದಿಂದ ಅಂಗಳದಲ್ಲಿ ಓಡಿ ಬಂದೇ ಬಂದೂಕು ಮುಟ್ಟುತ್ತಿದ್ದ. ಜನ ನಕ್ಕರು. ನಗಲಿ ಎಂದು ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ತಲೆಯಾಡಿಸಿ, “ಪರೀಕ್ಷಕನದು ಒಳ್ಳೆಯ ಮನಸ್ಸು, ಬುದ್ಧಿ,” ಎಂದ.

“ನಿನ್ನದೂ ಒಳ್ಳೆಯದೇ ಮಗು. ಯಾರೊಡನೆ ಜಗಳವಾಡಿ ಮಾತು ಬಿಟ್ಟು ಮಠಕ್ಕೆ ಬಂದೆಯೋ, ಆ ನಿನ್ನ ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬಾ.”