ಬೆತ್ತ ಮಂಡಿಸಿದ ಠರಾವು

ಮೇಷ್ಟರ ಕೋಣೆಯಲ್ಲಿ ಪಾಠೋಪಕರಣಗಳ ಸಂಘ ಸಭೆ ಸೇರಿತು. ಯುದ್ಧವಿರೋಧಿ ಠರಾವು ಮಂಡಿಸಲು ಬೆತ್ತವೇ ಮೊದಲು ಎದ್ದು ನಿಂತದ್ದು ಕಂಡು ಡಸ್ಟರಿಗೆ ಅನುಮಾನ ಶುರುವಾಯಿತು.

"ಯುದ್ಧ ಬೇಡ. ಜಗಳ ಏನಿದ್ದರೂ ಮಾತುಕತೆಯಲ್ಲೇ ಬಗೆಹರಿಯಬೇಕು," ಎಂದಿತು ಬೆತ್ತ. ಸೀಮೆಸುಣ್ಣ ಅದನ್ನು ಹಲಗೆಯ ಮೇಲೆ ಬರೆಯಿತು.

"ಬೆತ್ತದವರೇ, ನಿನ್ನೆ ಬೆಂಚಿನ ಜಾಗಕ್ಕೆ ಇಬ್ಬರು ಮಕ್ಕಳು ಕಿತ್ತಾಡಿದರಲ್ಲ, ಅದನ್ನು ಹೇಗೆ ಬಗೆಹರಿಸಿದಿರಿ?" ಎಂದು ಡಸ್ಟರ್ ಕೇಳಿತು.

"ಇಬ್ಬರಿಗೂ ಎರಡೆರಡು ಬಿಟ್ಟೆ. ತೆಪ್ಪಗಾದರು."

"ಜಗಳ ಯಾಕೆಂದು ಕೇಳಿದಿರಾ?"

"ತೆಪ್ಪಗಾದ ಮೇಲೆ ಕೇಳುವುದೇನು? ಇರಲಿ, ಈ ಠರಾವಿಗೆ ಯಾರದಾದರೂ ವಿರೋಧವಿದೆಯೇ?" ಎಂದು ಬೆತ್ತ ಗಾಳಿಯಲ್ಲೊಮ್ಮೆ ಸುಯ್ಯೆಂದಿತು. ಯಾರೂ ತುಟಿ ಬಿಚ್ಚಲಿಲ್ಲ.

"ಸರ್ವಾನುಮತ ಎಂದು ಬರೆ," ಎಂದು ಬೆತ್ತ ಅಪ್ಪಣೆ ಕೊಟ್ಟಿತು. ಸೀಮೆಸುಣ್ಣ ಅದನ್ನು ಠರಾವಿನ ಕೆಳಗೆ ಬರೆಯಿತು.

ಡಸ್ಟರ್ ಎದ್ದು ಹಲಗೆಯ ಬಳಿ ಹೋಯಿತು. ಠರಾವನ್ನು ಹಾಗೆಯೇ ಬಿಟ್ಟು, 'ಸರ್ವಾನುಮತ' ಎಂಬುದನ್ನಷ್ಟೇ ಒರೆಸಿತು.