ಕವಡಮ್ಮ ತೋಡಿಸಿದ ಮೂರು ಬಾವಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಯಾವ ದೇಶಕ್ಕೂ ಇನ್ನೂ ಗಡಿ ಗೆರೆ ಎಳೆದಿರದ ಕಾಲದಲ್ಲಿ, ಕಡಲರಾಯ ಅಂತ ಒಬ್ಬ ರಾಜ ಇದ್ನಂತೆ. ಕಡಲರಾಯ ಅಂದ್ರೆ ಸಮುದ್ರವೇ ಕಣೋ ಪುಟ್ಟಾ, ಸಮುದ್ರಕ್ಕೆ ಕೈಕಾಲು ಮೂಡಿ, ನೊರೆಯ ಮೀಸೆ ಬಂದ್ರೆ ಹೇಗಿರುತ್ತೆ, ಹಾಗೆ. ಅವನಿಗೆ ಮೂರು ಜನ ಮಕ್ಕಳು. ದೊಡ್ಡವನು ಹಿಮರಾಯ, ನಡುವಿನವನು ವನರಾಯ, ಕೊನೇದು ಹೆಣ್ಣು, ಕವಡಮ್ಮ ಅಂತ. ಒಂದು ದಿನ ಅಪ್ಪ ಮೂವರನ್ನೂ ಕರೆದು, ದೊಡ್ಡವರಾದ್ರಿ, ಒಬ್ಬೊಬ್ಬರಿಗೆ ಒಂದೊಂದು ದ್ವೀಪದ ದೇಶ ಕೊಡ್ತೀನಿ, ಆಳ್ಕೊಳ್ಳಿ ಅಂದ್ನಂತೆ. ದ್ವೀಪ ಅಂದ್ರೆ ಗೊತ್ತಲ್ಲ, ಸುತ್ತ ನೀರು, ನಡುವೆ ನೆಲ. ತಟ್ಟೆ ತುಂಬ ಸಾರು ಹಾಕಿ ನಡುವೆ ಮುದ್ದೆ ಇಟ್ರೆ ಹೇಗೆ ಕಾಣುತ್ತೆ, ಹಾಗೆ. ಆದ್ರೆ ಒಂದು ಮಾತು, ಬೇಸಿಗೆ ಮುಗಿಯೋದ್ರೊಳಗೆ ಯಾರ ದೇಶದಲ್ಲಿ ಜನ ನೆಲೆ ನಿಲ್ಲೋದಿಲ್ವೋ ಆ ದೇಶವನ್ನ ತಿರುಗಿ ನನ್ನ ಹೊಟ್ಟೆಗೆ ಹಾಕ್ಕೊಳ್ತೀನಿ ಅಂತಲೂ ಅಂದ್ನಂತೆ.

ಹಿಮರಾಯನಿಗೆ ಐಸ್‌ಲ್ಯಾಂಡ್ ಬಂತು. ಅಲ್ಲಿ ಮೇಲೆ ಮಂಜುಗಡ್ಡೆ, ಕೆಳಗೆ ಬೆಂಕಿ. ನೆಲದೊಳಗಿಂದ ಕುದಿಯೋ ನೀರು ಬುಸ್ ಅಂತ ಮೇಲೆ ಚಿಮ್ಮುತ್ತೆ, ಒಲೆ ಹಚ್ಚದೇನೇ ಸ್ನಾನಕ್ಕೆ ಬಿಸಿನೀರು. ವನರಾಯನಿಗೆ ಮಡಗಾಸ್ಕರ್ ಬಂತು, ಅದು ಬಲು ದೊಡ್ಡ ದ್ವೀಪ, ಅಲ್ಲಿನ ಕಾಡಲ್ಲಿ ಲೀಮರ್ ಅಂತ ಪ್ರಾಣಿ ಇರುತ್ತೆ. ದುಂಡು ಕಣ್ಣು, ಉದ್ದ ಬಾಲ, ಕೋತಿಗೆ ದೂರದ ನೆಂಟ ಅಂತ ಇಟ್ಕೋ, ಅದರ ತವರು ಆ ದೇಶವೇ. ಆಮೇಲೆ ಕವಡಮ್ಮನಿಗೆ ಬಂದದ್ದು ಮಾಲ್ಡೀವ್ಸ್. ಸಾವಿರಕ್ಕೂ ಮಿಕ್ಕಿ ದ್ವೀಪ ಸೇರಿದ್ರೂ ಪುಟಾಣಿ ದೇಶ. ಬರೀ ಬಿಳಿ ಮರಳು, ಬೆಟ್ಟ ಇಲ್ಲ, ಹೊಳೆ ಇಲ್ಲ. ನಿಮ್ಮಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ನಿಂತ್ರೆ ಎಷ್ಟು ಎತ್ತರ ಆಗುತ್ತೆ, ಹೆಚ್ಚುಕಮ್ಮಿ ಅಷ್ಟೇ ಆ ದೇಶದ ನೆಲದ ಎತ್ತರ, ಅದಕ್ಕಿಂತ ಮೇಲೆ ದಿಬ್ಬ ಅನ್ನೋದೇ ಇಲ್ಲ.

ಅಣ್ಣಂದಿರಿಗೆ ನಗು ತಡೀಲಿಲ್ವಂತೆ. ಲೇ ಕವಡೀ, ನಿನ್ನ ರಾಜ್ಯದಲ್ಲಿ ಯಾರೂ ಜೋರಾಗಿ ಸೀನೋ ಹಾಗಿಲ್ಲ, ಹಾರಿಹೋಗುತ್ತೆ ಅಂದ್ರಂತೆ. ನಗಿ ಅಣ್ಣಂದಿರಾ, ಹೊಟ್ಟೆ ತುಂಬ ನಗಿ, ಕೊಟ್ಟಿದ್ದು ನಂದು, ನಾನು ಬಿಡೋಳಲ್ಲ ಅಂದ್ಳಂತೆ ಕವಡಮ್ಮ.

ಅವಳ ದೇಶದ ಒಂದು ದ್ವೀಪಕ್ಕೂ ದೋಣಿಯಲ್ಲಿ ಜನ ಬಂದ್ರು. ಅವರಿಗೆ ಯಜಮಾನಿ ಹವ್ವಮ್ಮ. ತೆಂಗಿನ ಗರಿಯ ಗುಡಿಸಲು ಕಟ್ಟಿದ್ರು, ಮೀನು ಹಿಡಿದ್ರು, ಮಡಕೆಗಳಲ್ಲಿ ಮಳೆನೀರು ತುಂಬಿಟ್ರು. ಆಮೇಲೆ ಬಿಸಿಲು ಏರಿತು ನೋಡು, ಮಡಕೆ ಎಲ್ಲ ಬತ್ತಿಹೋಯ್ತು. ಎಳನೀರು ಇತ್ತಲ್ಲ ಅಂತೀಯಾ? ಅದನ್ನೂ ಕುಡಿದು ಮುಗಿಸಿದ್ರಂತೆ. ಸಮುದ್ರದ ನೀರು ಉಪ್ಪು, ಕುಡಿದ್ರೆ ಬಾಯಾರಿಕೆ ಇನ್ನೂ ಹೆಚ್ಚುತ್ತೆ. ಹವ್ವಮ್ಮ ಬಂದು, ರಾಣಿಯಮ್ಮಾ, ಊರು ಚಂದ ಇದೆ, ನೀನೂ ಒಳ್ಳೇವಳು, ಆದ್ರೆ ಮಕ್ಕಳ ತುಟಿ ಒಡೀತಾ ಇದೆ, ನೀರಿಲ್ಲ ಅಂದ್ರೆ ದೋಣಿ ಹತ್ತುತ್ತೀವಿ ಅಂದ್ಳಂತೆ. ಅವರು ಹೋದ್ರೆ ದೇಶವೇ ಖಾಲಿ, ಖಾಲಿ ಆದ್ರೆ ಅಪ್ಪನ ಹೊಟ್ಟೆಗೆ. ಕವಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬನ್ನಿ ಬಾವಿ ತೋಡೋಣ ಅಂದ್ಳಂತೆ.

ಮೊದಲನೇ ಬಾವಿ ದಡದ ಹತ್ತಿರ ತೋಡಿದ್ರು, ಅಲ್ಲಿ ಮರಳು ಮೆತ್ತಗೆ. ಬಾಯಿಗಿಟ್ರೆ ಥೂ, ಬರೀ ಉಪ್ಪು.

ಎರಡನೇದು ದ್ವೀಪದ ನಟ್ಟನಡುವೆ. ಅಷ್ಟು ಹೊತ್ತಿಗೆ ಅಣ್ಣಂದಿರೂ ಬಂದು ನಿಂತಿದ್ರಂತೆ. ಸೊಂಟದ ಮಟ್ಟಕ್ಕೆ ತೋಡಿದಾಗ ಮರಳು ಒದ್ದೆಯಾಗಿ ನೀರು ಜಿನುಗಿತು. ಕವಡಮ್ಮ ಒಂದು ಬೊಗಸೆ ಬಾಯಿಗಿಟ್ಕೊಂಡ್ಳು, ಸಿಹಿ! ಆದ್ರೆ ವನರಾಯ ಮಧ್ಯೆ ಬಾಯಿ ಹಾಕಿ, ಇದೂ ಒಂದು ಬಾವಿಯೇನೇ, ಕೋಳಿ ಕೆದರಿದ ಗುಂಡಿ, ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅಂದ್ನಂತೆ. ದೊಡ್ಡ ನೆಲದಲ್ಲಿ ಹಾಗೇ ತಾನೆ, ನಮ್ಮೂರಲ್ಲೂ ನೀರು ಸಾಲದಿದ್ರೆ ಇನ್ನೂ ಆಳ ತೋಡ್ತಾರಲ್ಲ. ಸರಿ, ತೋಡಿದ್ರು. ನೀರು ಗುಳುಗುಳು ಅಂತ ಉಕ್ಕಿ ಬಂತು, ಜನ ಕೇಕೆ ಹಾಕಿ ಕುಡಿದ್ರೆ, ಎಲ್ಲಾ ಉಪ್ಪು! ಸಾಕು ಬಾರೇ, ನಮ್ಮ ದೇಶದಲ್ಲೇ ಒಂದು ಮೂಲೆ ಕೊಡ್ತೀವಿ ಅಂದ್ರಂತೆ ಅಣ್ಣಂದಿರು. ಹವ್ವಮ್ಮ ಗಂಟುಮೂಟೆ ಕಟ್ಟೋಕೆ ಶುರುಮಾಡಿದ್ಳು.

ಕವಡಮ್ಮನ ಅಂಗೈ ತುಂಬ ಬೊಬ್ಬೆ. ಗುಂಡಿಯ ಅಂಚಲ್ಲಿ ಕೂತು ಯೋಚನೆ ಮಾಡಿದ್ಳಂತೆ. ಸೊಂಟದ ಮಟ್ಟದಲ್ಲಿ ಸಿಹಿ ಇತ್ತು, ನನ್ನ ನಾಲಿಗೆ ಸುಳ್ಳು ಹೇಳಿಲ್ಲ. ಹಾಗಾದ್ರೆ ಸಿಹಿ ಮೇಲಿದೆ, ಉಪ್ಪು ಕೆಳಗಿದೆ, ನಾವೇ ಸಿಹಿಯನ್ನ ತೂತು ಮಾಡ್ಕೊಂಡು ದಾಟಿ ಹೋದ್ವಿ! ಹೇಗೆ ಅಂತ ಕೇಳು. ಮಳೆ ಬಂದಾಗ ನೀರು ಮರಳಲ್ಲಿ ಇಂಗುತ್ತೆ. ಮಳೆನೀರು ಹಗುರ, ಉಪ್ಪುನೀರು ಭಾರ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಲ್ಲ, ಹಾಗೆ ನೆಲದೊಳಗೆ ಉಪ್ಪುನೀರಿನ ಮೇಲೆ ಸಿಹಿನೀರು ತೇಲ್ತಾ ಇರುತ್ತೆ. ಇದು ಬರೀ ಕತೆಯಲ್ಲ ಪುಟ್ಟಾ, ಅಂಥ ದ್ವೀಪಗಳಲ್ಲಿ ನಿಜವಾಗ್ಲೂ ಹಾಗೇ ಇರೋದು.

ಆಮೇಲೆ ಕವಡಮ್ಮ ಎದ್ದು, ಕೆಟ್ಟ ಗುಂಡಿಯಿಂದ ದೂರ, ತೆಂಗಿನ ಮರಗಳ ನಡುವೆ ಮೂರನೇ ಬಾವಿಗೆ ಗುರುತು ಹಾಕಿದ್ಳು. ಹವ್ವಮ್ಮಾ, ಇದೊಂದು ನೋಡಿಬಿಟ್ಟು ಹೋಗು ಅಂದ್ಳು. ಸೊಂಟದ ಮಟ್ಟಕ್ಕೆ ಬಂದು ಮರಳು ಒದ್ದೆ ಆದ ತಕ್ಷಣ ನಿಲ್ಸಿ ಅಂದ್ಳು. ಹಿಮರಾಯ ಗುದ್ದಲಿ ಎತ್ತಿ, ಇನ್ನೊಂದು ಮೊಳ ತೆಗೀತೀನಿ ತಡಿಯೇ ಅಂದಾಗ, ಕವಡಮ್ಮ ಗುಂಡಿಗೇ ಇಳಿದು ನಿಂತುಬಿಟ್ಳಂತೆ. ಹಾಕೋದಾದ್ರೆ ನನ್ನ ಕಾಲ ಮೇಲೆ ಹಾಕಣ್ಣ ಅಂದ್ಳಂತೆ. ಅವನು ಗುದ್ದಲಿ ಇಳಿಸಿದ.

ಎಲ್ಲರೂ ಕಾದ್ರು. ನೀರು ನಿಧಾನವಾಗಿ ಜಿನುಗಿತು. ಕೋಲಿನ ತುದಿಗೆ ತೆಂಗಿನ ಕರಟ ಕಟ್ಟಿ, ಕಲಕದ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆದ್ರು, ಯಾಕಂದ್ರೆ ಒಂದೇ ಸಲ ಸೂರೆ ಮಾಡಿದ್ರೆ ಕೆಳಗಿನ ಉಪ್ಪು ಮೇಲೆ ಬಂದುಬಿಡುತ್ತೆ. ಹವ್ವಮ್ಮನ ಮೊಮ್ಮಗಳು ಮೊದಲು ಕುಡಿದು, ಇನ್ನೂ ಬೇಕು ಅಂತು. ಹವ್ವಮ್ಮ ಗಂಟುಮೂಟೆ ಬಿಚ್ಚಿದ್ಳು.

ಬೇಸಿಗೆ ಮುಗೀತು. ಕಡಲರಾಯ ಬಾಯಿ ಅಗಲಿಸಿಕೊಂಡು ಗುಡಿಸಲುಗಳ ಬಾಗಿಲ ತನಕ ಬಂದ್ನಂತೆ. ನೋಡಿದ್ರೆ ಎಲ್ಲಾ ಮನೆಯಲ್ಲೂ ಒಲೆ ಉರೀತಾ ಇದೆ. ಕವಡಮ್ಮ ಅಪ್ಪನ ಕೈಗೆ ಒಂದು ಕರಟ ನೀರು ಕೊಟ್ಳು. ಹುಟ್ಟಿದಾಗಿನಿಂದ ಉಪ್ಪು ಬಿಟ್ರೆ ಬೇರೆ ರುಚಿ ನೋಡದವನು, ಕುಡಿದು ಕಣ್ಣು ಕಣ್ಣು ಬಿಟ್ಟ. ಇದನ್ನ ಯಾರು ಹೊತ್ತು ತಂದ್ರು ಮಗಳೇ ಅಂದ್ನಂತೆ.

ನೀನೇ ಅಪ್ಪ, ನಮ್ಮ ಕಾಲಡಿಯ ಮರಳಲ್ಲಿ ನೀನೇ ತಲೆ ಮೇಲೆ ಹೊತ್ಕೊಂಡಿದ್ದೀಯ, ನಿನಗೇ ಗೊತ್ತಿಲ್ಲ ಅಂದ್ಳಂತೆ ಕವಡಮ್ಮ.

ಕಡಲರಾಯ ಎರಡೂ ಕೈ ತಲೆಗೆ ಹಚ್ಚಿ, ತುಂಬಿದ ಕೊಡ ಹೊತ್ತವರ ಹಾಗೆ, ಒಂದು ಹನಿಯೂ ತುಳುಕಬಾರದು ಅಂತ ಹಿಂದೆ ಹಿಂದೆ ಹೆಜ್ಜೆ ಇಟ್ಕೊಂಡು ಮೆಲ್ಲಗೆ ಹೋದ್ನಂತೆ.

ಅಲ್ಲಿಗೆ ಆ ಊರು ನೆಲೆ ನಿಂತಿತು, ನಮ್ಮ ಕತೆಯೂ ಮುಗೀತು. ಮಲಗು ಕಂದಾ.